ಬೆಕ್ಕಿಗೆ ಮನೆ ಹುಡುಕುವ ಹತ್ತು ಸಾಲು

ಧಾರವಾಡದಲ್ಲಿ ಪ್ರಾಣಿ ಆಶ್ರಯಗಳ ಸ್ವಯಂಸೇವಕರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರ ಕೆಲವು ಪ್ರಶ್ನೆಗಳೂ ಇವೆ.

ಎಲ್ಲರಿಗೂ ನಮಸ್ಕಾರ. ನಮ್ಮ ವಾಟ್ಸಾಪ್ ಗುಂಪುಗಳಿಗೆ ಮೇಲಿಂದ ಮೇಲೆ ಬರುವಂಥ ಒಂದು ಜಾಹೀರಾತನ್ನು ಮೊದಲು ಓದಿಬಿಡುತ್ತೇನೆ.

‘ಅರ್ಜೆಂಟ್!! ಪಾಪದ ಮರಿ. ಭಾಳ ಕ್ಯೂಟ್ ಅದ. ದಯವಿಟ್ಟು ಯಾರಾದ್ರೂ ತಗೊಳ್ರಿ, ಇಲ್ಲಂದ್ರ ಎರಡ ದಿನದಾಗ ಎಲ್ಲ್ಯರೆ ಬಿಟ್ಟ ಬರಬೇಕಾಗ್ತದ. ಎಲ್ಲಾರಿಗೂ ಶೇರ್ ಮಾಡ್ರಿ.’

ಜೊತೆಗೊಂದು ಫೋಟೊ: ರಟ್ಟಿನ ಡಬ್ಬಿ, ಅದರ ಕತ್ತಲೆ ಮೂಲೆಯಲ್ಲಿ ಎರಡು ಹಸಿರು ಹೊಳಪು. ಊರಿನ ಹೆಸರಿಲ್ಲ, ವಯಸ್ಸಿಲ್ಲ, ಹೆಣ್ಣೋ ಗಂಡೋ ತಿಳಿಯುವುದಿಲ್ಲ, ಲಸಿಕೆಯ ಮಾತಿಲ್ಲ, ತಾರೀಖಿಲ್ಲ, ಫೋನ್ ನಂಬರೂ ಇಲ್ಲ. ಇರುವುದು ಕನಿಕರ, ಅದರ ಬೆನ್ನಿಗೆ ಒಂದು ಬೆದರಿಕೆ. ಕನಿಕರಕ್ಕೆ ಕರಗಿ ಬರುವವರು ಇದ್ದೇ ಇರುತ್ತಾರೆ. ಆದರೆ ಹಾಗೆ ಒಯ್ದ ಬೆಕ್ಕು ಸೋಫಾ ಪರಚಿದ ದಿನವೋ ಅತ್ತೆಯವರು ಗೊಣಗಿದ ದಿನವೋ ತಿರುಗಿ ಬರುತ್ತದೆ. ಇನ್ನು ‘ಬಿಟ್ಟು ಬರುತ್ತೇವೆ’ ಎಂಬ ಮಾತು. ಹಸಿವು ನೀರಡಿಕೆಗಳಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆದು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ ಅಪರಾಧ. ಆಶ್ರಯದ ಹೆಸರಿನಲ್ಲಿ ಹೋಗುವ ಬರಹದಲ್ಲಿ ಅಂಥ ಸಾಲು ಇರಲೇಬಾರದು.

ಜಾಹೀರಾತನ್ನು ಸಾವಿರ ಮಂದಿ ಮೆಚ್ಚಿದರೆ ನಮಗೆ ಬಂದ ಲಾಭವೇನೂ ಇಲ್ಲ. ಯಾವುದೋ ಒಂದು ಮನೆಯವರು ಅದನ್ನು ಓದಿ ‘ಇದು ನಮ್ಮನಿಗೆ ಒಗ್ಗತದ’ ಅನ್ನಬೇಕು. ಒಗ್ಗದವರು ಓದಿ ಸುಮ್ಮನೆ ಮುಂದೆ ಹೋಗಬೇಕು. ಇವೆರಡರಲ್ಲಿ ಎರಡನೆಯದನ್ನೇ ನಾವು ಮರೆಯುತ್ತೇವೆ. ಹತ್ತು ಮನೆಯವರನ್ನು ದೂರ ಇಡುವ ಒಂದು ನಿಜವಾದ ಸಾಲು, ನೂರು ಲೈಕ್ ತರುವ ಸಾಲಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಬರೆಯುವ ಮೊದಲು ಕೈಯಲ್ಲಿ ಹಿಡಿದು ನೋಡಿ

ಅತಿ ಹೆಚ್ಚು ತಪ್ಪಾಗುವುದು ವಯಸ್ಸಿನಲ್ಲಿ. ಐದು ವಾರದ ಮರಿಯನ್ನು ‘ಎರಡು ತಿಂಗಳದ್ದು’ ಎಂದು ಬರೆದರೆ ಒಯ್ದವರು ಅದಕ್ಕೆ ಒಣ ಆಹಾರ ಹಾಕುತ್ತಾರೆ, ಅದು ತಿನ್ನುವುದಿಲ್ಲ, ನಾಲ್ಕು ದಿನಕ್ಕೆ ಬಸವಳಿಯುತ್ತದೆ. ಹಲ್ಲು ನೋಡುವುದನ್ನು ಕಲಿತುಬಿಡಿ. ಮೂರರಿಂದ ನಾಲ್ಕು ವಾರಕ್ಕೆ ಮುಂದಿನ ಸಣ್ಣ ಹಾಲುಹಲ್ಲುಗಳು ಮೂಡುತ್ತವೆ, ಅದರ ಹಿಂದೆಯೇ ಕೋರೆಹಲ್ಲು. ಆರು ವಾರದ ಹೊತ್ತಿಗೆ ಹಿಂದಿನ ಹಾಲುಹಲ್ಲುಗಳೂ ಬಂದಿರುತ್ತವೆ. ಮೂರೂವರೆ, ನಾಲ್ಕು ತಿಂಗಳಿಗೆ ಮುಂದಿನ ಹಾಲುಹಲ್ಲು ಬಿದ್ದು ದೊಡ್ಡ ಹಲ್ಲು ಬರತೊಡಗುತ್ತವೆ. ಆರೇಳು ತಿಂಗಳಿಗೆ ಬಾಯಿ ತುಂಬ ಕಾಯಂ ಹಲ್ಲು. ತೂಕವೂ ನೆರವಾಗುತ್ತದೆ. ಚೆನ್ನಾಗಿ ಉಂಡು ಬೆಳೆದ ಮರಿ ಎಂಟು ವಾರಕ್ಕೆ ಸುಮಾರು 900 ಗ್ರಾಂ ತೂಗುತ್ತದೆ, ಅಡುಗೆಮನೆಯ ತಕ್ಕಡಿ ಸಾಕು. ಆದರೆ ಬೀದಿಯಲ್ಲಿ ಹಸಿದ ಮರಿಯ ತೂಕ ಕಡಿಮೆಯೇ ಇರುತ್ತದೆ. ತೂಕ ಒಂದು ಹೇಳಿ ಹಲ್ಲು ಇನ್ನೊಂದು ಹೇಳಿದರೆ ಹಲ್ಲನ್ನೇ ನಂಬಿ. ಎಂಟು ವಾರ ತುಂಬುವವರೆಗೆ ಮರಿಯನ್ನು ತಾಯಿಯಿಂದ ಅಗಲಿಸಬಾರದು, ಹತ್ತು ಹನ್ನೆರಡು ವಾರವಾದರೆ ಇನ್ನೂ ಒಳ್ಳೆಯದು. ಅಷ್ಟಾಗಿಲ್ಲದಿದ್ದರೆ ‘ಈಗ ನೋಡಿ ಹೋಗಿ, ಇಂಥ ತಾರೀಖಿನ ನಂತರ ಒಯ್ಯಿರಿ’ ಎಂದು ಜಾಹೀರಾತಿನಲ್ಲೇ ಬರೆಯಿರಿ.

ಹೆಣ್ಣು ಗಂಡಿನ ಗೊಂದಲ ಸಣ್ಣ ಮರಿಗಳಲ್ಲಿ ಸಾಮಾನ್ಯ. ಬಾಲ ಎತ್ತಿ ನೋಡಿದರೆ ಗಂಡಿನಲ್ಲಿ ಎರಡು ರಂಧ್ರಗಳ ನಡುವೆ ಅಂತರ ಹೆಚ್ಚು, ಹೆಣ್ಣಿನಲ್ಲಿ ಎರಡೂ ಹತ್ತಿರ ಹತ್ತಿರ. ಬಣ್ಣವೂ ಸುಳಿವು ಕೊಡುತ್ತದೆ: ಬಿಳಿ, ಕಪ್ಪು, ಕೇಸರಿ ಮೂರೂ ಇದ್ದರೆ ಅದು ಹೆಣ್ಣೆಂದೇ ಹೇಳಬಹುದು, ಅಪವಾದ ಬಹಳ ಅಪರೂಪ. ಪೂರ್ತಿ ಕೇಸರಿ ಬಣ್ಣದವುಗಳಲ್ಲಿ ಐದಕ್ಕೆ ನಾಲ್ಕರಷ್ಟು ಗಂಡು. ಹಾಗೆಂದು ಬಣ್ಣ ನೋಡಿ ಬರೆದುಬಿಡಬೇಡಿ, ಐದನೆಯದು ನಿಮ್ಮ ಕೈಯಲ್ಲೇ ಇರಬಹುದು. ಗಂಡೆಂದು ಒಯ್ದ ಬೆಕ್ಕು ಹೆಣ್ಣಾಗಿದ್ದರೆ ನಾಲ್ಕೈದು ತಿಂಗಳಿಗೇ ಗಬ್ಬವಾಗಬಲ್ಲದು; ಅಲ್ಲಿಂದ ಒಂಬತ್ತು ವಾರಕ್ಕೆ ಮರಿಗಳು, ಮತ್ತೆ ನಿಮಗೇ ಫೋನು.

‘ವ್ಯಾಕ್ಸಿನೇಶನ್ ಆಗಿದೆ’ ಎಂಬ ಎರಡು ಶಬ್ದ ಬರೆದು ಕೈತೊಳೆದುಕೊಳ್ಳಬೇಡಿ. ಯಾವ ಲಸಿಕೆ, ಎಂದು ಹಾಕಿಸಿದ್ದು, ಮುಂದಿನದು ಎಂದು, ಅದರ ಖರ್ಚು ಯಾರದು. ಟ್ರೈಕ್ಯಾಟ್ ಎಂದು ನಾವೆಲ್ಲ ಕರೆಯುವ ಮೂರು ರೋಗಗಳ ಲಸಿಕೆ ಆರರಿಂದ ಎಂಟು ವಾರಕ್ಕೆ ಶುರುವಾಗಿ, ಹದಿನಾರು ವಾರ ಆಗುವವರೆಗೆ ಮೂರು-ನಾಲ್ಕು ವಾರಕ್ಕೊಮ್ಮೆ ಮರುಕಳಿಸಬೇಕು. ರೇಬಿಸ್ ಲಸಿಕೆ ಮೂರು ತಿಂಗಳಿಗೆ. ಒಂದೇ ಡೋಸ್ ಆದ ಮರಿಗೆ ರಕ್ಷಣೆ ಪೂರ್ತಿ ಸಿಕ್ಕಿರುವುದಿಲ್ಲ. ಆದ್ದರಿಂದ ಮರಿಗಳ ಜಾಹೀರಾತಿನಲ್ಲಿ ಒಂದು ಸಾಲು ಕಡ್ಡಾಯ: ‘ಕಳೆದ ಒಂದು ವರ್ಷದಲ್ಲಿ ನಿಮ್ಮ ಮನೆಯಲ್ಲಿ ಬೆಕ್ಕು ವಾಂತಿ ಭೇದಿಯಿಂದ ಸತ್ತಿದ್ದರೆ ಮೊದಲೇ ತಿಳಿಸಿ.’ ಪ್ಯಾನ್‌ಲ್ಯೂಕೋಪೀನಿಯಾ ಎಂಬ ಈ ವಾಂತಿ ಭೇದಿ ರೋಗದ ವೈರಸ್ಸು ನೆಲ, ಹಾಸಿಗೆ, ಡಬ್ಬಿಗಳಲ್ಲಿ ತಿಂಗಳುಗಟ್ಟಲೆ, ಒಂದು ವರ್ಷದವರೆಗೂ ಜೀವ ಹಿಡಿದಿರಬಲ್ಲದು. ಫಿನಾಯಿಲ್‌ನಿಂದ ಒರೆಸಿದರೆ ಹೋಗುವ ಜಾತಿಯದಲ್ಲ ಅದು. ಅದಕ್ಕೆ ಬ್ಲೀಚ್ ಬೇಕು. ಹಾಗೆ ನೋಡಿದರೆ ಬೆಕ್ಕಿರುವ ಮನೆಯಲ್ಲಿ ಫಿನಾಯಿಲ್ ಇಡುವುದೇ ಅಪಾಯ.

ಸ್ವಭಾವದ ಸಾಲು

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಏಕೆಂದರೆ ಇಡೀ ಜಾಹೀರಾತು ನಿಂತಿರುವುದೇ ಈ ಸಾಲಿನ ಮೇಲೆ. ‘ತುಂಬಾ ಪ್ರೀತಿಯ ಬೆಕ್ಕು’, ‘ತುಂಟ’, ‘ಫ್ರೆಂಡ್ಲಿ’ ಎಂದು ಎಲ್ಲ ಬೆಕ್ಕಿನ ಬಗ್ಗೆಯೂ ಬರೆಯುತ್ತಾರೆ, ಆದ್ದರಿಂದ ಓದುವವರ ಕಣ್ಣು ಅಲ್ಲಿ ನಿಲ್ಲುವುದೇ ಇಲ್ಲ. ಆ ಶಬ್ದ ಬಳಸುವ ಆಸೆಯಾದಾಗ ನಿಮ್ಮನ್ನೇ ಕೇಳಿಕೊಳ್ಳಿ: ಇದು ಪ್ರೀತಿಯ ಬೆಕ್ಕು ಅಂತ ನನಗೆ ಹೇಗೆ ಗೊತ್ತಾಯ್ತು? ಅದಕ್ಕೆ ಬರುವ ಉತ್ತರವೇ ನೀವು ಬರೆಯಬೇಕಾದ ಸಾಲು.

ಗಿರ್ಮಿಟ್ ಎಂಬ ಹೆಸರಿನ ಒಂದು ಬೆಕ್ಕು ಇದೆ ಎಂದುಕೊಳ್ಳೋಣ. ‘ಗಿರ್ಮಿಟ್ ಶಾಂತ ಸ್ವಭಾವದವಳು’ ಎಂದರೆ ಏನೂ ಹೇಳಿದಂತಾಗಲಿಲ್ಲ. ಹೀಗೆ ಬರೆದು ನೋಡಿ:

‘ಗಿರ್ಮಿಟ್. ಹೆಣ್ಣು, ಮೂರು ಬಣ್ಣ, ಸುಮಾರು ಎರಡು ವರ್ಷ. ಹುಬ್ಬಳ್ಳಿ, ವಿದ್ಯಾನಗರ. ನೀವು ಕುರ್ಚಿ ಮ್ಯಾಲೆ ಕೂತ್ರ ಬಾಜೂ ಕುರ್ಚಿಗೆ ಬಂದು ಕೂಡತಾಳ, ತೊಡಿ ಮ್ಯಾಲೆ ಬರೂದಿಲ್ಲ. ಗದ್ದದ ಕೆಳಗ ತುರಿಸಿದ್ರ ಕಣ್ಣ ಮುಚ್ಚತಾಳ, ಹೊಟ್ಟಿ ಮುಟ್ಟಿದ್ರ ಎದ್ದ ಹೋಗ್ತಾಳ. ಕುಕ್ಕರ್ ಸೀಟಿಗೆ ಅಂಜತಾಳ. ಸಣ್ಣ ಹುಡುಗ್ರು ಓಡ್ಯಾಡೂ ಮನ್ಯಾಗ ಕಪಾಟಿನ ಮ್ಯಾಲೇ ಇರ್ತಾಳ. ದೊಡ್ಡವರಷ್ಟ ಇರೂ ಮನಿ ಆದ್ರ ಛಲೋ. ಬ್ಯಾರೆ ಬೆಕ್ಕಿನ ಜೋಡಿ ಹೊಂದ್ಯಾಳ, ನಾಯಿ ಜೋಡಿ ಇಟ್ಟು ನೋಡಿಲ್ಲ. ಮರಿ ಆಗದಂಗ ಆಪರೇಷನ್ ಆಗೇದ. ಟ್ರೈಕ್ಯಾಟ್, ರೇಬಿಸ್ ಎರಡೂ ಮಾರ್ಚ್ 12ಕ್ಕ ಆಗ್ಯಾವ. ಉಚ್ಚಿ, ಹೇಲು ಮರಳಿನ ಟ್ರೇದಾಗ.’

ಇದನ್ನು ಓದಿದವರಿಗೆ ಬೆಕ್ಕು ಕಣ್ಣ ಮುಂದೆ ಬರುತ್ತದೆ. ನಿವೃತ್ತರಾದ ಮೇಷ್ಟರ ಮನೆಯವರು ‘ಬಾಜೂ ಕುರ್ಚಿ’ ಎಂಬಲ್ಲೇ ಒಪ್ಪಿಬಿಡಬಹುದು. ಮೂರು ವರ್ಷದ ಮಗುವಿರುವ ತಾಯಿ ತಾನಾಗಿಯೇ ಬೇರೆ ಬೆಕ್ಕು ನೋಡುತ್ತಾಳೆ. ‘ನಾಯಿ ಜೋಡಿ ಇಟ್ಟು ನೋಡಿಲ್ಲ’ ಎಂಬುದನ್ನೂ ಗಮನಿಸಿ: ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆಯಬೇಕು, ‘ಹೊಂದಿಕೊಳ್ಳಬಹುದು’ ಎಂದು ಬರೆದರೆ ಓದುವವರು ‘ಹೊಂದಿಕೊಳ್ಳುತ್ತದೆ’ ಎಂದೇ ಓದಿಕೊಳ್ಳುತ್ತಾರೆ.

ಭಾಷೆಯ ಬಗ್ಗೆ ನನ್ನ ಅಭಿಪ್ರಾಯ ಇಷ್ಟೇ. ಅಪಾರ್ಟ್‌ಮೆಂಟ್ ಗುಂಪುಗಳಿಗೆ ಇಂಗ್ಲಿಷಿನಲ್ಲಿ ಇನ್ನೊಂದು ಪ್ರತಿ ಮಾಡಿ, ಅಡ್ಡಿಯಿಲ್ಲ. ಹಳೆ ಹುಬ್ಬಳ್ಳಿ ಕಡೆ ಹಿಂದಿ ಅಥವಾ ಉರ್ದು ಪ್ರತಿಯೂ ಉಪಯೋಗಕ್ಕೆ ಬರುತ್ತದೆ. ಆದರೆ ಮೂಲವನ್ನು ನೀವು ಮನೆಯಲ್ಲಿ ಆಡುವ ಮಾತಿನಲ್ಲೇ ಬರೆಯಿರಿ, ಬೆಕ್ಕಿನ ಗುಣ ಆ ಮಾತಿನಲ್ಲೇ ಸರಿಯಾಗಿ ಇಳಿಯುತ್ತದೆ. ಬೆಕ್ಕೇ ಮಾತಾಡುವಂತೆ ‘ನನಗೊಂದು ಅಮ್ಮ ಬೇಕು’ ಎಂದು ಬರೆಯುವ ಚಟ ಮಾತ್ರ ಬಿಡಿ. ಒಮ್ಮೆ ಮುದ್ದೆನಿಸುತ್ತದೆ, ಹತ್ತನೆಯ ಬಾರಿ ಯಾರೂ ಓದುವುದಿಲ್ಲ, ಮೇಲಾಗಿ ಆ ಧಾಟಿಯಲ್ಲಿ ಲಸಿಕೆಯ ತಾರೀಖು ಹೇಳುವುದು ನಗೆಪಾಟಲು.

ಕೊರತೆಯನ್ನು ಮುಚ್ಚಿಡಬೇಡಿ, ಆದರೆ ಅದನ್ನು ಪರಿಹಾರದ ಜೊತೆಗೇ ಬರೆಯಿರಿ. ‘ಪರಚುತ್ತದೆ’ ಎಂದು ನಿಲ್ಲಿಸಿದರೆ ಆ ಬೆಕ್ಕಿಗೆ ಮನೆಯಿಲ್ಲ. ‘ಎತ್ತಿಕೊಂಡರೆ ಪರಚುತ್ತದೆ, ಕೆಳಗೆ ಕೂತು ಕೈ ಚಾಚಿದರೆ ತಾನೇ ಬರುತ್ತದೆ’ ಎಂದರೆ ಓದಿದವರಿಗೆ ಮಾಡಬೇಕಾದ್ದೇನೆಂದು ತಿಳಿಯಿತು. ಒಂಟಿ ಮರಿ ಕೈಕಾಲು ಕಚ್ಚುವುದು ಬಹುಮಟ್ಟಿಗೆ ಆಟದ ಜೊತೆಗಾರ ಇಲ್ಲದ್ದರಿಂದ. ‘ಜೋಡಿಯಾಗಿ ಒಯ್ದರೆ ಒಳ್ಳೆಯದು, ಮನೆಯಲ್ಲಿ ಈಗಾಗಲೇ ಎಳೆಯ ಬೆಕ್ಕಿದ್ದರೂ ಆದೀತು’ ಎಂದು ಸೇರಿಸಿ. ಎಫ್‌ಐವಿ (ಬೆಕ್ಕಿನ ರೋಗ ತಡೆಯುವ ಶಕ್ತಿಯನ್ನು ಕುಗ್ಗಿಸುವ ವೈರಸ್ಸು) ಇರುವ ಬೆಕ್ಕಾದರೆ ಮೊದಲ ಮೂರು ಸಾಲಿನೊಳಗೆ ಹೇಳಿಬಿಡಿ: ಮನುಷ್ಯರಿಗೆ ಅಂಟುವುದಿಲ್ಲ, ಬೆಕ್ಕಿನಿಂದ ಬೆಕ್ಕಿಗೆ ಮುಖ್ಯವಾಗಿ ಆಳವಾದ ಕಚ್ಚುಗಾಯದಿಂದ ಹರಡುತ್ತದೆ, ಹೊರಗೆ ಬಿಡದೆ ಸಾಕಿದರೆ ವರ್ಷಗಟ್ಟಲೆ ಆರಾಮಾಗಿ ಬದುಕುತ್ತದೆ. ಇದನ್ನು ಫೋನಿನಲ್ಲಿ ಕೊನೆಗೆ ಹೇಳಿದರೆ ಮೋಸ ಮಾಡಿದಂತೆ ಕೇಳಿಸುತ್ತದೆ.

ಕರಿಬೆಕ್ಕಿನ ಜಾಹೀರಾತಿನಲ್ಲಿ ಅಪಶಕುನದ ಬಗ್ಗೆ ವಾದ ಹೂಡಬೇಡಿ. ‘ಮೂಢನಂಬಿಕೆ ಬಿಡಿ’ ಎಂದು ಶುರು ಮಾಡಿದರೆ ಮರೆತಿದ್ದವರಿಗೂ ಅದು ನೆನಪಾಗುತ್ತದೆ. ಅದರ ಸ್ವಭಾವ ಬರೆಯಿರಿ, ಒಳ್ಳೆಯ ಫೋಟೊ ಹಾಕಿ, ಅಷ್ಟೇ.

ನಮ್ಮ ಕಡೆಯ ಮನೆಗಳು

ಧಾರವಾಡ, ಹುಬ್ಬಳ್ಳಿಗಳಲ್ಲಿ ಶಾಕಾಹಾರಿ ಮನೆಗಳು ಬಹಳ. ಬೆಕ್ಕಿಗೆ ಹಾಲು-ರೊಟ್ಟಿ ಹಾಕಿದರೆ ಸಾಕೆಂಬ ನಂಬಿಕೆ ಅಷ್ಟೇ ಗಟ್ಟಿ. ಬೆಕ್ಕು ಮಾಂಸವನ್ನೇ ನೆಚ್ಚಿದ ಪ್ರಾಣಿ. ಟಾರಿನ್ ಎಂಬ ಅಂಶವನ್ನು ಅದರ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು. ಅದು ಮಾಂಸ, ಮೀನುಗಳಿಂದ ಬರಬೇಕು. ಇಲ್ಲವಾದರೆ ಕಣ್ಣಿನ ಒಳಪದರ ಹಾಳಾಗಿ ಕುರುಡಾಗುತ್ತದೆ, ಹೃದಯದ ಸ್ನಾಯು ಸಡಿಲಾಗುತ್ತದೆ. ಈ ಹೃದಯದ ತೊಂದರೆಗೆ ಟಾರಿನ್ ಕೊರತೆ ಕಾರಣವೆಂದು 1987ರಲ್ಲೇ ಸಾಬೀತಾಗಿದೆ. ಹಾಲಂತೂ ಎಷ್ಟೋ ದೊಡ್ಡ ಬೆಕ್ಕುಗಳಿಗೆ ಜೀರ್ಣವಾಗದೆ ಭೇದಿ ಹಚ್ಚುತ್ತದೆ. ಹಾಗೆಂದು ಶಾಕಾಹಾರಿ ಮನೆಗಳನ್ನು ಹೊರಗಿಡಬೇಕಿಲ್ಲ. ‘ಅಡುಗೆಮನೆಯಲ್ಲಿ ಮಾಂಸ ಬೇಯಿಸಬೇಕಾಗಿಲ್ಲ, ಆದರೆ ಬೆಕ್ಕಿನ ಪ್ಯಾಕೆಟ್ ಆಹಾರ ಹಾಕಲೇಬೇಕು, ಅದರಲ್ಲಿ ಮಾಂಸ ಇರುತ್ತದೆ’ ಎಂದು ನೇರವಾಗಿ ಬರೆಯಿರಿ. ಡಬ್ಬಿಯಿಂದ ತೆಗೆದು ವರಾಂಡದಲ್ಲಿ ಹಾಕಲು ಒಪ್ಪುವ ಮನೆಗಳು ಬೇಕಾದಷ್ಟಿವೆ. ಒಪ್ಪದವರು ಓದಿ ಬಿಟ್ಟುಬಿಡುತ್ತಾರೆ, ಅವರ ಮೇಲೆ ಸಿಟ್ಟಿಗೇಳುವ ಕಾರಣವಿಲ್ಲ. ನಾಯಿ ಆಹಾರ ಮಾತ್ರ ಬದಲಿಯಲ್ಲ, ಬೆಕ್ಕಿಗೆ ಬೇಕಾದಷ್ಟು ಟಾರಿನ್ ಅದರಲ್ಲಿ ಇರುತ್ತದೆಂಬ ಖಾತ್ರಿಯಿಲ್ಲ.

ಸಪ್ತಾಪುರದ ರೂಮುಗಳಲ್ಲಿರುವ ಕೋಚಿಂಗ್ ಹುಡುಗ ಹುಡುಗಿಯರಿಂದ ಬೇಗ ಪ್ರತಿಕ್ರಿಯೆ ಬರುತ್ತದೆ. ಒಳ್ಳೆಯ ಮನಸ್ಸಿನವರೇ. ಆದರೆ ಪರೀಕ್ಷೆ ಮುಗಿದ ಮೇಲೆ ರೂಮು ಖಾಲಿ, ಊರಿನ ಮನೆಯಲ್ಲಿ ಬೆಕ್ಕು ಬೇಡ. ‘ವಿದ್ಯಾರ್ಥಿಗಳಿಗೆ ಇಲ್ಲ’ ಎಂದು ಬಾಗಿಲು ಹಾಕುವುದಕ್ಕಿಂತ ‘ಊರು ಬಿಡುವಾಗ ಬೆಕ್ಕು ಎಲ್ಲಿಗೆ ಹೋಗುತ್ತದೆ ಎಂದು ಬರೆದು ಕಳಿಸಿ, ರೂಮಿನ ಮಾಲೀಕರ ಒಪ್ಪಿಗೆ ಬೇಕು’ ಎಂದು ಹಾಕಿ. ಅವರನ್ನು ತಾತ್ಕಾಲಿಕ ಪೋಷಕರಾಗಿ ಕರೆಯುವುದು ಇನ್ನೂ ಒಳ್ಳೆಯದು. ಹಾಲು ಬಿಟ್ಟ ಮರಿಗಳನ್ನು ಆರು ವಾರ ನೋಡಿಕೊಳ್ಳುವುದು ಅವರಿಗೂ ಸಾಧ್ಯ.

ಗೋಕುಲ ರಸ್ತೆ, ಕೇಶ್ವಾಪುರ ಕಡೆಯ ಮೇಲ್ಮಹಡಿಯ ಫ್ಲಾಟುಗಳಿಗೆ ಒಂದು ಶರತ್ತು: ಬಾಲ್ಕನಿ, ಕಿಟಕಿಗಳಿಗೆ ಬಲೆ. ‘ಬಲೆ ಹಾಕಿಸಿದ ಫೋಟೊ ಕಳಿಸಿದ ಮೇಲೆ ಬೆಕ್ಕು ಕೊಡುತ್ತೇವೆ’ ಎಂದು ಜಾಹೀರಾತಿನಲ್ಲೇ ಇದ್ದರೆ ಮುಂದೆ ಚೌಕಾಸಿಗೆ ಜಾಗವಿಲ್ಲ.

ಹಾವೇರಿ ಕಡೆಯ ಗೋವಿನಜೋಳದ ಗೋದಾಮು, ಗದಗಿನ ಶೇಂಗಾ ದಾಸ್ತಾನಿನವರು ಕೇಳುವುದು ಒಂದೇ: ‘ಇಲಿ ಹಿಡಿತದೇನ್ರಿ?’ ಈ ಪ್ರಶ್ನೆಯನ್ನು ಹಗುರವಾಗಿ ಕಾಣಬೇಡಿ. ಮನುಷ್ಯರ ಕೈಗೆ ಸಿಗದೆ ಬೆಳೆದ, ಮನೆಯೊಳಗೆ ಹೊಂದಿಕೊಳ್ಳಲಾರದ ದೊಡ್ಡ ಬೆಕ್ಕುಗಳಿಗೆ ಇಂಥ ಜಾಗವೇ ತಕ್ಕದ್ದು. ಮರಿಗಳು ಮನುಷ್ಯರಿಗೆ ಹೊಂದುವ ಕಾಲ ಎರಡರಿಂದ ಏಳನೆಯ ವಾರದವರೆಗೆ. ಆ ಹೊತ್ತು ಮೀರಿದ ಕಾಡುಬುದ್ಧಿಯ ಬೆಕ್ಕನ್ನು ‘ನಿಧಾನಕ್ಕೆ ಪಳಗುತ್ತದೆ’ ಎಂದು ಫ್ಲಾಟಿಗೆ ದಾಟಿಸುವುದು ಎರಡೂ ಕಡೆಗೆ ಅನ್ಯಾಯ. ಗೋದಾಮಿನ ಜಾಹೀರಾತು ಬೇರೆಯೇ ಬರಹ. ಎರಡು ಬೆಕ್ಕು ಒಟ್ಟಿಗೆ, ಆಪರೇಷನ್ ಮತ್ತು ರೇಬಿಸ್ ಲಸಿಕೆ ಆದವು. ದಿನಾ ಊಟ, ನೀರು ಇಡಬೇಕು. ಹೊಟ್ಟೆ ತುಂಬಿದ ಬೆಕ್ಕೂ ಬೇಟೆಯಾಡುತ್ತದೆ, ಉಪವಾಸ ಕೆಡವಿದರೆ ಇಲಿ ಜಾಸ್ತಿ ಹಿಡಿಯುತ್ತದೆಂಬುದು ತಪ್ಪು ಲೆಕ್ಕ. ಮೊದಲ ಮೂರು ನಾಲ್ಕು ವಾರ ಅಲ್ಲಿಯೇ ಒಂದು ಕೋಣೆಯಲ್ಲಿ ಮುಚ್ಚಿಡಬೇಕು. ತಂದ ದಿನವೇ ಬಿಟ್ಟರೆ ಹಳೆಯ ಜಾಗ ಹುಡುಕಿಕೊಂಡು ಹೊರಟುಬಿಡುತ್ತದೆ, ದಾರಿಯಲ್ಲಿ ಹೆದ್ದಾರಿ. ಮತ್ತು ದಪ್ಪ ಅಕ್ಷರದಲ್ಲಿ: ಇಲಿಪಾಷಾಣ ಇಡುವ ಜಾಗಕ್ಕೆ ಕೊಡುವುದಿಲ್ಲ. ಬ್ರೋಮಾಡಿಯೊಲೋನ್ ಎಂಬ ಇಲಿಪಾಷಾಣ ತಿಂದ ಇಲಿ ಕೂಡಲೇ ಸಾಯುವುದಿಲ್ಲ, ನಾಲ್ಕಾರು ದಿನ ಮಂಕಾಗಿ ಓಡಾಡುತ್ತದೆ. ಬೆಕ್ಕಿನ ಬಾಯಿಗೆ ಸುಲಭವಾಗಿ ಸಿಗುವುದು ಅದೇ, ಆಮೇಲೆ ಬೆಕ್ಕಿಗೂ ಒಳಗೊಳಗೇ ರಕ್ತಸ್ರಾವ.

ಫೋಟೊ

ಮೂರು ಸಾಕು. ಮೊದಲನೆಯದು ಮುಖ, ಎರಡನೆಯದು ಬಾಲದ ಸಮೇತ ಪೂರ್ತಿ ದೇಹ, ಮೂರನೆಯದು ಯಾರದೋ ಕೈ ಅಥವಾ ಮೊಣಕಾಲಿನ ಪಕ್ಕ, ಗಾತ್ರ ತಿಳಿಯಲಿಕ್ಕೆ. ಕುತ್ತಿಗೆ ಹಿಡಿದು ತೂಗಿಸಿದ ಫೋಟೊ ಹಾಕಬೇಡಿ.

ಫ್ಲ್ಯಾಶ್ ಬೇಡ. ಬೆಕ್ಕಿನ ಕಣ್ಣಿನ ಹಿಂಪದರ ಬೆಳಕನ್ನು ತಿರುಗಿ ಎಸೆಯುತ್ತದೆ, ಆ ಹಸಿರು ಹೊಳಪು ಅದರಿಂದಲೇ. ಬೆಳಗಿನ ಹೊತ್ತು ಕಿಟಕಿಯ ಪಕ್ಕ ಕೂರಿಸಿ, ಬೆಳಕು ಒಂದು ಬದಿಯಿಂದ ಬರಲಿ. ನೀವು ನೆಲಕ್ಕೆ ಮಲಗಿ. ಫೋನು ಬೆಕ್ಕಿನ ಕಣ್ಣಿನ ಮಟ್ಟಕ್ಕೆ ಬರಬೇಕು. ಮೇಲಿಂದ ತೆಗೆದರೆ ತಲೆ ದೊಡ್ಡದಾಗಿ, ಮೈ ಸಣ್ಣದಾಗಿ, ಬೆಕ್ಕು ಹೆದರಿದಂತೆ ಕಾಣುತ್ತದೆ. ಚುರುಕಾದ ಫೋಟೊ ಬೇಕಾದರೆ ಊಟಕ್ಕೆ ಮೊದಲು, ಶಾಂತವಾದದ್ದು ಬೇಕಾದರೆ ಊಟವಾದ ಮೇಲೆ. ಇನ್ನೊಬ್ಬರು ಲೆನ್ಸಿನ ಪಕ್ಕದಲ್ಲೇ ದಾರಕ್ಕೆ ಕಟ್ಟಿದ ಕಾಗದದ ತುಂಡು ಅಲ್ಲಾಡಿಸಲಿ, ಬಟನ್ ಒತ್ತಿ ಹಿಡಿದು ಸಾಲಾಗಿ ಇಪ್ಪತ್ತು ಫೋಟೊ ತೆಗೆಯಿರಿ, ಅದರಲ್ಲೊಂದು ಸಿಕ್ಕೀತು. ಪಂಜರದಲ್ಲೇ ತೆಗೆಯಬೇಕಾದರೆ ಲೆನ್ಸನ್ನು ಸರಳುಗಳ ಸಂದಿಗೆ ತಾಗಿಸಿ.

ಹಿನ್ನೆಲೆ ಸಾದಾ ಇರಲಿ. ನವಲಗುಂದದ ಜಮಖಾನೆ ಎಷ್ಟೇ ಚೆಂದವಿದ್ದರೂ ಅದರ ಚಿತ್ತಾರದಲ್ಲಿ ಪಟ್ಟೆ ಬೆಕ್ಕು ಕಾಣೆಯಾಗುತ್ತದೆ. ಕರಿಬೆಕ್ಕನ್ನು ಬಿಳಿ ಗೋಡೆಯ ಮುಂದೆ ಕೂರಿಸಿದರೆ ಫೋನು ಗೋಡೆಯ ಬೆಳಕಿಗೆ ಹೊಂದಿಕೊಂಡು ಬೆಕ್ಕನ್ನು ಮಸಿಯ ಮುದ್ದೆ ಮಾಡುತ್ತದೆ. ಹಸಿರು ಅಥವಾ ಹಳದಿಯ ಒಂದೇ ಬಣ್ಣದ ಚಾದರ ಹಾಸಿ, ಪರದೆಯ ಮೇಲೆ ಬೆಕ್ಕಿನ ಮುಖ ಮುಟ್ಟಿ, ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಚೂರು ಮೇಲೆ ಎಳೆಯಿರಿ. ಮೀಸೆ, ರೋಮ ಬಿಡಿಬಿಡಿಯಾಗಿ ಕಾಣಿಸಿಕೊಳ್ಳುತ್ತವೆ. ವಿಡಿಯೊ ಹದಿನೈದು ಸೆಕೆಂಡು, ಒಂದೇ ಕ್ರಿಯೆ, ಹಾಡು ಹಾಕದೆ. ಗುರುಗುಟ್ಟುವ ಸದ್ದು ಕೇಳಿಸಬೇಕಲ್ಲ.

ಹರಿದಾಡುವ ಜಾಹೀರಾತು

ಫಾರ್ವರ್ಡ್ ಆಗುವಾಗ ಫೋಟೊ ಒಂದು ಕಡೆ, ಬರಹ ಇನ್ನೊಂದು ಕಡೆ ಹೋಗುತ್ತದೆ. ಆದ್ದರಿಂದ ಹೆಸರು, ಊರು, ತಾರೀಖು, ಸಂಪರ್ಕ ಈ ನಾಲ್ಕೂ ಫೋಟೊದ ಮೇಲೆಯೇ ಅಚ್ಚಾಗಿರಲಿ. ತಾರೀಖಿಲ್ಲದ ಜಾಹೀರಾತು ಬೆಕ್ಕಿಗೆ ಮನೆ ಸಿಕ್ಕು ವರ್ಷವಾದರೂ ಬೆಳಗಾವಿ, ಬೆಂಗಳೂರು ಸುತ್ತುತ್ತಿರುತ್ತದೆ. ಉದ್ದನೆಯ ಬರಹವನ್ನು ಫೋನು ಅರ್ಧಕ್ಕೇ ಮಡಚಿಡುತ್ತದೆ, ಹಾಗಾಗಿ ಮೊದಲ ಎರಡು ಸಾಲಿನಲ್ಲೇ ಊರು, ವಯಸ್ಸು, ಮತ್ತು ಆ ಬೆಕ್ಕಿನದೇ ಆದ ಒಂದು ಗುಣ ಬಂದುಬಿಡಬೇಕು. ಸಂಪರ್ಕಕ್ಕೆ ಆಶ್ರಯದ ಒಂದೇ ನಂಬರ್ ಸಾಕು. ವಿಳಾಸ ಮಾತ್ರ ಹಾಕಬೇಡಿ. ಮರುದಿನವೇ ಗೇಟಿನ ಹತ್ತಿರ ಮರಿಗಳ ಡಬ್ಬಿ ಇಟ್ಟು ಹೋಗುವವರಿದ್ದಾರೆ.

ಕೊನೆಯಲ್ಲಿ ಮೂರು ಪ್ರಶ್ನೆ ಕೇಳಿ: ಮನೆಯಲ್ಲಿ ಯಾರ್‍ಯಾರಿದ್ದಾರೆ, ಬೇರೆ ಪ್ರಾಣಿ ಇವೆಯೇ, ಊರಿಗೆ ಹೋದಾಗ ಬೆಕ್ಕನ್ನು ಯಾರು ನೋಡಿಕೊಳ್ಳುತ್ತಾರೆ. ಉತ್ತರ ಬರೆದವರನ್ನು ಮೊದಲು ಮಾತಾಡಿಸಿ. ಪರ್ಷಿಯನ್ ತಳಿಯ ಬೆಕ್ಕಾದರೆ ಆಪರೇಷನ್ ಮುಗಿಸಿಯೇ ಜಾಹೀರಾತು ಹಾಕಿ, ‘ಆಪರೇಷನ್ ಆಗಿದೆ’ ಎಂಬುದು ಮೊದಲ ಸಾಲಿನಲ್ಲೇ ಇರಲಿ. ಮರಿ ಹಾಕಿಸಿ ಮಾರುವವರು ಅಲ್ಲಿಗೇ ತಿರುಗಿ ಹೋಗುತ್ತಾರೆ.

ಸಭಿಕರ ಪ್ರಶ್ನೆಗಳು

ದುಡ್ಡು ಕೇಳಬಹುದೇ?
ಕೇಳಬಹುದು. ಲಸಿಕೆ, ಆಪರೇಷನ್ನಿನ ಖರ್ಚಿನ ಒಂದು ಭಾಗವೆಂದು ಮೊತ್ತ ಬರೆದುಬಿಡಿ, ರಸೀದಿ ಕೊಡಿ. ಮೊತ್ತ ಬರೆಯದೆ ಫೋನಿನಲ್ಲಿ ಹೇಳಿದರೆ ವ್ಯಾಪಾರದಂತೆ ಕಾಣುತ್ತದೆ.

ತಿಂಗಳಾದರೂ ಯಾರೂ ಕೇಳದಿದ್ದರೆ?
ಅದೇ ಜಾಹೀರಾತನ್ನು ಮತ್ತೆ ಮತ್ತೆ ಹಾಕಬೇಡಿ. ಮೊದಲು ಫೋಟೊ ಬದಲಿಸಿ, ಆಮೇಲೆ ಮೊದಲ ಸಾಲು. ಮೂರು ತಿಂಗಳಲ್ಲಿ ಬೆಕ್ಕೂ ಬದಲಾಗಿರುತ್ತದೆ. ಬಂದಾಗ ಅಡಗಿ ಕೂತಿದ್ದದ್ದು ಈಗ ಬಾಗಿಲಿಗೆ ಬರುತ್ತಿರಬಹುದು. ಅದನ್ನು ದಿನಾ ನೋಡಿಕೊಳ್ಳುವವರನ್ನು ಕೇಳಿ ಬರೆಯಿರಿ.

ಒಯ್ದವರು ವಾಪಸು ತಂದರೆ ಅದನ್ನು ಬರೆಯಬೇಕೇ?
ಬರೆಯಬೇಕು, ಕಾರಣದ ಸಮೇತ. ‘ನಾಯಿಯಿದ್ದ ಮನೆಯಲ್ಲಿ ಹತ್ತು ದಿನ ಊಟ ಬಿಟ್ಟಿತ್ತು’ ಎಂಬುದು ಮುಂದಿನ ಮನೆಗೆ ಬೇಕಾದ ಮಾಹಿತಿ. ಒಯ್ದವರ ಹೆಸರು, ದೂಷಣೆ ಬೇಡ. ವಾಪಸು ತರಲು ನಾಚಿಕೊಂಡು ರಾತ್ರಿ ಎಲ್ಲೋ ಬಿಟ್ಟು ಹೋಗುವುದಕ್ಕಿಂತ ತಂದು ಕೊಟ್ಟದ್ದೇ ಲೇಸು. ‘ಹೊಂದದಿದ್ದರೆ ನಮಗೇ ಮರಳಿಸಿ’ ಎಂಬ ಸಾಲು ಪ್ರತಿ ಜಾಹೀರಾತಿನಲ್ಲೂ ಇರಲಿ.

ಕಾಗದದ ಪೋಸ್ಟರಿನಿಂದ ಈಗ ಏನಾದರೂ ಉಪಯೋಗವಿದೆಯೇ?
ಪಶುವೈದ್ಯರ ದವಾಖಾನೆ, ಔಷಧಿ ಅಂಗಡಿ, ಬೆಕ್ಕಿನ ಆಹಾರ ಮಾರುವ ಅಂಗಡಿ, ಈ ಮೂರು ಕಡೆ ಇದೆ. ಎ4 ಹಾಳೆಯ ಮೇಲರ್ಧ ಒಂದೇ ಫೋಟೊ, ಕೆಳಗೆ ಐದು ಸಾಲು, ಅಂಚಿಗೆ ನಂಬರ್ ಬರೆದು ಕತ್ತರಿಸಿದ ಹರಿದೊಯ್ಯುವ ಚೀಟಿಗಳು. ಬಾಗಿಲ ಹೊರಗೆ ಹಚ್ಚುವುದಾದರೆ ಮಳೆಗಾಲದಲ್ಲಿ ಪ್ಲಾಸ್ಟಿಕ್ ಹೊದಿಕೆ ಹಾಕಿ, ಅದರ ತೆರೆದ ಬಾಯಿ ಕೆಳಗಿರಲಿ, ಮೇಲಿದ್ದರೆ ನೀರು ತುಂಬುತ್ತದೆ. ಅಂಗಡಿಯವರ ಅಪ್ಪಣೆ ಕೇಳಿ ಹಚ್ಚಿ, ಎಲ್ಲೆಲ್ಲಿ ಹಚ್ಚಿದ್ದೀರೆಂದು ಪಟ್ಟಿ ಇಟ್ಟುಕೊಳ್ಳಿ, ಬೆಕ್ಕಿಗೆ ಮನೆ ಸಿಕ್ಕ ವಾರದಲ್ಲೇ ನೀವೇ ಹೋಗಿ ಕಿತ್ತು ತನ್ನಿ. ಹಳೇ ಪೋಸ್ಟರು ಅಲ್ಲೇ ಉಳಿದರೆ ಆ ಅಂಗಡಿಯವರು ಮುಂದಿನ ಸಲ ಜಾಗ ಕೊಡುವುದಿಲ್ಲ.